ಗುಡ್ಡದಂಚಿನ ಬೇಸಾಯ ಮತ್ತು ಕರಡಿ

2021ರಲ್ಲಿ ಬಳ್ಳಾರಿಯಿಂದ ಬೇರೆಯಾದ ವಿಜಯನಗರ ಜಿಲ್ಲೆಯ ಕೂಡ್ಲಿಗಿ ತಾಲ್ಲೂಕಿನಲ್ಲಿ ಗುಡೇಕೋಟೆ ಇದೆ. ಪಾಳೆಯಗಾರರು ಕೋಟೆ ಕಟ್ಟಿದ ಬಂಡೆಗುಡ್ಡಗಳ ನಡುವಿನ ಊರು ಇದು. ಸುತ್ತಲಿನ ರೈತರು ಹೆಚ್ಚಾಗಿ ಮಳೆಯನ್ನೇ ನಂಬಿ ಶೇಂಗಾ, ಮೆಕ್ಕೆಜೋಳ, ಜೋಳ, ತೊಗರಿ ಬೆಳೆಯುತ್ತಾರೆ; ಕುರಿ ಸಾಕುತ್ತಾರೆ. ಅದೇ ಗುಡ್ಡಗಳ ಗವಿಗಳಲ್ಲಿ ಕರಡಿಗಳ ವಾಸ. 1994ರಲ್ಲಿ ದರೋಜಿ ಕರಡಿಧಾಮವಾಯಿತು. 2013ರಲ್ಲಿ ಗುಡೇಕೋಟೆಯ ಅರಣ್ಯವನ್ನೂ ಕರಡಿಧಾಮವೆಂದು ಘೋಷಿಸಲಾಯಿತು. ಹೊಲಕ್ಕೂ ಗುಡ್ಡಕ್ಕೂ ನಡುವೆ ಅಂತರವಿಲ್ಲದ ಕಡೆ ಬೆಳೆಯ ನಷ್ಟದ ಜೊತೆಗೆ ಜೀವದ ಭಯವೂ ಇದೆ. ಕರಡಿಯ ಸ್ವಭಾವವನ್ನು ಅರಿತರೆ ಇವೆರಡನ್ನೂ ಬಹುಮಟ್ಟಿಗೆ ತಗ್ಗಿಸಬಹುದು.

ಹೊಲಕ್ಕೆ ಏಕೆ ಬರುತ್ತದೆ?

ಕರಡಿಯ ಮುಖ್ಯ ಆಹಾರ ಗೆದ್ದಲು, ಇರುವೆ, ಜೇನು ಮತ್ತು ಹಣ್ಣು. ಮೇಲ್ದವಡೆಯ ನಡುವಿನ ಎರಡು ಹಲ್ಲುಗಳು ಇಲ್ಲದಿರುವುದರಿಂದ, ಹುತ್ತವನ್ನು ಉಗುರಿನಿಂದ ಅಗೆದು ಆ ಸಂದಿಯ ಮೂಲಕ ಗೆದ್ದಲನ್ನು ಹೀರುತ್ತದೆ. ಬಾರೆ, ಕವಳೆ, ಈಚಲು, ನೇರಳೆ, ಸೀತಾಫಲ ಇದಕ್ಕೆ ಪ್ರಿಯ. ತಿಂದ ಹಣ್ಣಿನ ಬೀಜ ಹಿಕ್ಕೆಯೊಡನೆ ಬೇರೆಡೆ ಬಿದ್ದು ಮೊಳೆಯುತ್ತದೆ. ಗುಡ್ಡದಲ್ಲಿ ಈ ಗಿಡಗಳನ್ನು ಸೌದೆಗಾಗಿ ಕಡಿದರೆ, ಬೇಸಿಗೆಯಲ್ಲಿ ಹುಲ್ಲಿಗೆ ಬೆಂಕಿ ಇಟ್ಟರೆ, ಕರಡಿಯ ಮೇವು ಕಡಿಮೆಯಾಗುತ್ತದೆ. ಆಗ ಕಾಯಿ ಕಟ್ಟಿದ ಶೇಂಗಾ, ಹಾಲುಗಾಳಿನ ಮೆಕ್ಕೆಜೋಳ ಅದನ್ನು ಸುಲಭವಾಗಿ ಸೆಳೆಯುತ್ತವೆ. ಆದ್ದರಿಂದ ಗುಡ್ಡದ ಹಣ್ಣಿನ ಗಿಡಗಳನ್ನು ಉಳಿಸುವುದು ಹೊಲ ಕಾಯುವ ಕೆಲಸವೇ ಆಗಿದೆ.

ಅಪಾಯ ಯಾವಾಗ?

ಕರಡಿಯ ಮೂಗು ಚುರುಕು. ಕಣ್ಣು, ಕಿವಿ ಮಂದ. ಹುತ್ತ ಅಗೆಯುವಾಗ ಮನುಷ್ಯ ತೀರ ಹತ್ತಿರ ಬರುವವರೆಗೂ ಅದಕ್ಕೆ ತಿಳಿಯದು. ಗಾಬರಿಗೊಂಡು ಮೇಲೆರಗುತ್ತದೆ; ತಲೆ, ಮುಖಗಳಿಗೆ ಭಾರಿ ಗಾಯವಾಗುತ್ತದೆ. ಹಗಲು ಗವಿಯಲ್ಲೋ ಪೊದೆಯಲ್ಲೋ ಮಲಗಿ, ಸಂಜೆಯಿಂದ ಬೆಳಗಿನ ಜಾವದವರೆಗೆ ಸಂಚರಿಸುವುದೇ ಹೆಚ್ಚು. ಪಂಪ್‌ಸೆಟ್‌ಗೆ ರಾತ್ರಿ ಕರೆಂಟು ಬಂದಾಗ ನೀರು ಕಟ್ಟಲು ಹೋಗುವವರು, ನಸುಕಿನಲ್ಲಿ ಬಯಲಿಗೆ ಹೋಗುವವರು ಇದನ್ನು ನೆನಪಿನಲ್ಲಿಡಬೇಕು. ಚಳಿಗಾಲದಲ್ಲಿ ಮರಿ ಹಾಕುವ ತಾಯಿ ಕರಡಿ ಮರಿಗಳನ್ನು ಬೆನ್ನ ಮೇಲೆ ಹೊತ್ತು ತಿರುಗುತ್ತದೆ. ಅಂಥ ಕರಡಿ ಬಹಳ ಅಪಾಯಕಾರಿ.

ರೈತರು ಅನುಸರಿಸಬೇಕಾದ ಕ್ರಮಗಳು

1. ಗುಡ್ಡಕ್ಕೆ ತಾಗಿದ ಹೊಲದಲ್ಲಿ ಶೇಂಗಾ, ಮೆಕ್ಕೆಜೋಳದ ಬದಲು ಔಡಲ ಅಥವಾ ಹುರುಳಿ ಬಿತ್ತಿ ನೋಡಬಹುದು.

2. ಕಿತ್ತ ಶೇಂಗಾವನ್ನು ಗುಡ್ಡದಂಚಿನಲ್ಲಿ ಒಟ್ಟಿ ಬಿಡದೆ ಊರ ಹತ್ತಿರದ ಕಣಕ್ಕೆ ಸಾಗಿಸಬೇಕು.

3. ಕಾಲುದಾರಿ ಮತ್ತು ಪಂಪ್‌ಸೆಟ್ ಮನೆಯ ಸುತ್ತಲಿನ ಪೊದೆಗಳನ್ನು ಮಾತ್ರ ಸವರಬೇಕು. ಗುಡ್ಡದ ಮೇಲಿನ ಪೊದೆಗಳನ್ನು ಮುಟ್ಟಬಾರದು.

4. ರಾತ್ರಿ ಒಬ್ಬರೇ ಹೋಗಬಾರದು. ಬ್ಯಾಟರಿ, ಕೋಲು ಹಿಡಿದು, ಜೋರಾಗಿ ಮಾತನಾಡುತ್ತ ನಡೆಯಬೇಕು. ಸದ್ದು ಕೇಳಿದ ಕರಡಿ ಸಾಮಾನ್ಯವಾಗಿ ತಾನೇ ಸರಿದು ಹೋಗುತ್ತದೆ.

5. ಎದುರಾದರೆ ಓಡಬಾರದು, ಕಲ್ಲೆಸೆಯಬಾರದು. ಮೆಲ್ಲನೆ ಹಿಂದೆ ಸರಿಯಬೇಕು. ಮೇಲೆ ಬಿದ್ದರೆ ಬೋರಲು ಮಲಗಿ ಎರಡೂ ಕೈಗಳಿಂದ ಕತ್ತು, ತಲೆಯನ್ನು ಮುಚ್ಚಿಕೊಳ್ಳಬೇಕು. ಗಾಯ ಚಿಕ್ಕದಾದರೂ ಕೂಡಲೇ ಆಸ್ಪತ್ರೆಗೆ ಹೋಗಿ ಹುಚ್ಚುರೋಗದ ಚುಚ್ಚುಮದ್ದಿನ ಬಗ್ಗೆ ವೈದ್ಯರನ್ನು ಕೇಳಬೇಕು.

6. ಬೇಲಿಗೆ ನೇರವಾಗಿ ಕರೆಂಟು ಹರಿಸಬಾರದು. ಕರಡಿಗಿಂತ ಮೊದಲು ಮನೆಯವರು, ದನಕರುಗಳು ಅದಕ್ಕೆ ಬಲಿಯಾದಾರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಕರಡಿಯನ್ನು ಕೊಲ್ಲುವುದು ಶಿಕ್ಷಾರ್ಹ ಅಪರಾಧ.

ಬೆಳೆ ಹಾಳಾದಾಗ ಅಥವಾ ಯಾರಿಗಾದರೂ ಗಾಯವಾದಾಗ ತಡಮಾಡದೆ ವಲಯ ಅರಣ್ಯಾಧಿಕಾರಿಗಳ ಕಚೇರಿಗೆ ತಿಳಿಸಿ ಪರಿಹಾರಕ್ಕೆ ಅರ್ಜಿ ಕೊಡಬೇಕು. ಹೊಲದ ಸ್ಥಿತಿಯನ್ನು ಅಧಿಕಾರಿಗಳು ನೋಡುವವರೆಗೆ ಹಾಗೆಯೇ ಬಿಡುವುದು ಒಳ್ಳೆಯದು.

ಈ ಕ್ರಮಗಳನ್ನು ಒಬ್ಬ ರೈತ ಅನುಸರಿಸಿದರೆ ಸಾಲದು. ಪಕ್ಕದ ಹೊಲದವನು ಗುಡ್ಡಕ್ಕೆ ಬೆಂಕಿ ಇಟ್ಟರೆ ಕರಡಿ ಎಲ್ಲರ ಹೊಲಕ್ಕೂ ಇಳಿಯುತ್ತದೆ. ಗುಡ್ಡದಂಚಿನ ರೈತರು ಒಟ್ಟಿಗೆ ಕುಳಿತು, ಬೆಂಕಿ ಮತ್ತು ಸೌದೆಯ ವಿಷಯದಲ್ಲಿ ಊರಿಗೇ ಒಂದು ಕಟ್ಟುಪಾಡು ಮಾಡಿಕೊಳ್ಳುವುದು ಲೇಸು.