ಮರದಿಂದ ಮರಕ್ಕೆ ದಾಟುವ ಕೊನೆಗೌಡ

ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಅಡಿಕೆ ತೋಟಗಳಲ್ಲಿ ಕೊನೆ, ಅಂದರೆ ಅಡಿಕೆಯ ಗೊನೆ, ಕೊಯ್ಯುವ ಕೊನೆಗೌಡನು, ಒಂದು ಮರದ ಕೆಲಸ ಮುಗಿದ ಮೇಲೆ ಕೆಳಗಿಳಿಯದೆ, ತಾನು ಏರಿದ ಮರವನ್ನೇ ತೂಗಿ ಪಕ್ಕದ ಮರವನ್ನು ಹಿಡಿದು ದಾಟುವುದುಂಟು. ಜಿಮ್ನಾಸ್ಟಿಕ್ಸ್ ಪಟುವಿನ ಅಡ್ಡಸರಳು ನೆಲದಿಂದ 2.8 ಮೀಟರ್ ಎತ್ತರದಲ್ಲಿದ್ದು ಅದರ ಕೆಳಗೆ ಮೆತ್ತೆ ಹಾಸಿರುತ್ತದೆ. ಕೊನೆಗೌಡನ ಕೆಳಗೆ ಹತ್ತು ಹದಿನೈದು ಮೀಟರ್ ಆಳದಲ್ಲಿ ಬಸಿಗಾಲುವೆಯಿರುತ್ತದೆ.

ಮರ ಏರಲು ಆಧಾರವಾಗುವುದು ಘರ್ಷಣೆ, ಅಂದರೆ ಒಂದಕ್ಕೊಂದು ಒತ್ತಿಕೊಂಡ ಎರಡು ಮೈಗಳು ಜಾರದಂತೆ ತಡೆಯುವ ಬಲ. ಪಾದ ಮತ್ತು ಕಾಂಡದ ನಡುವಿನ ಘರ್ಷಣಾಂಕವನ್ನು 0.5 ಎಂದಿಟ್ಟುಕೊಂಡರೆ, 60 ಕಿಲೋ ತೂಕದವನು ಕಾಲುಗಳ ಬಲದಿಂದಲೇ ನಿಲ್ಲಲು ಪ್ರತಿ ಪಾದವೂ ಕಾಂಡವನ್ನು ಅವನ ಪೂರ್ತಿ ತೂಕದಷ್ಟು ಬಲದಿಂದ ಒತ್ತಬೇಕಾಗುತ್ತದೆ. ಎರಡೂ ಪಾದಗಳನ್ನು ಬಂಧಿಸುವ ಹಗ್ಗದ ತಳೆಯು ಅವು ಅಗಲದಂತೆ ತಡೆದು, ಮೈಭಾರ ಬಿದ್ದಷ್ಟೂ ಬಿಗಿಯಾಗಿ, ಈ ಒತ್ತಡವನ್ನು ಒದಗಿಸುತ್ತದೆ. ಅಡಿಕೆಯ ಕೊಳೆ ರೋಗಕ್ಕೆ ಮರವೇರಿ ಬೋರ್ಡೋ ಮದ್ದು ಹೊಡೆಯಬೇಕಾದದ್ದು ಮಾತ್ರ ಕಾಂಡಕ್ಕೆ ಪಾಚಿ ಹಿಡಿದು ಘರ್ಷಣೆ ತೀರ ಕಡಿಮೆಯಾಗುವ ಮಳೆಗಾಲದಲ್ಲೇ.

ಅಡಿಕೆಯ ಕಾಂಡದ ರಚನೆಯೂ ಗಮನಾರ್ಹವಾದುದು. ಬಾಗುವ ಕಂಬದಲ್ಲಿ ಹೆಚ್ಚು ಸೆಳೆತ ಬೀಳುವುದು ಹೊರಮೈಗೆ; ಅಡಿಕೆಯ ಗಟ್ಟಿ ನಾರೆಲ್ಲ ಅಲ್ಲಿಯೇ ಒತ್ತಾಗಿದ್ದು ತಿರುಳು ಮೆದುವಾಗಿರುತ್ತದೆ, ಆದ್ದರಿಂದಲೇ ಮರ ಸೀಳಿ ತಿರುಳು ತೆಗೆದ ದಬ್ಬೆಯು ಬೇಲಿಗೂ ಚಪ್ಪರಕ್ಕೂ ಒದಗುತ್ತದೆ. ಕಂಬದ ಬಿಗುವು ವ್ಯಾಸದ ನಾಲ್ಕನೆಯ ಘಾತಕ್ಕೆ ಅನುಗುಣವಾಗಿರುವುದರಿಂದ, ವ್ಯಾಸ ಅರ್ಧಕ್ಕಿಳಿದರೆ ಬಿಗುವು ಹದಿನಾರನೆಯ ಒಂದು ಪಾಲಿಗೆ ಇಳಿಯುತ್ತದೆ. ಇಂಥ ಸಪುರವಾದ ಮರದ ತುದಿಯಲ್ಲಿ ಒಬ್ಬ ಮನುಷ್ಯನ ಭಾರ ಸೇರಿದಾಗ ಅದರ ತೂಗಾಟವು ನಿಧಾನವಾಗಿ, ಅವನು ಮೈಯಿಂದ ಅನುಸರಿಸಬಲ್ಲ ಲಯಕ್ಕೆ ಬರುತ್ತದೆ. ಉಯ್ಯಾಲೆಯನ್ನು ಜೀಕುವಂತೆ ಆ ಲಯಕ್ಕೆ ಸರಿಯಾಗಿ ಮೈಯನ್ನು ಹಿಂದುಮುಂದಾಗಿಸಿದರೆ, ಪ್ರತಿ ಸುತ್ತಿನಲ್ಲೂ ಸ್ವಲ್ಪ ಸ್ವಲ್ಪ ಶಕ್ತಿ ಸೇರಿ ಬಾಗು ಬೆಳೆಯುತ್ತದೆ. ಇದಕ್ಕೆ ಅನುರಣನವೆಂದು ಹೆಸರು. ಮರಗಳ ನಡುವಣ ಅಂತರವು ಸಾಮಾನ್ಯವಾಗಿ 9 ಅಡಿಯಾದ್ದರಿಂದ, ಬಾಗಿದಷ್ಟು ಬಾಗಿ ಉಳಿದುದನ್ನು ಚಾಚಿದ ತೋಳು ತುಂಬುತ್ತದೆ.

ಕೌಶಲದ ತಿರುಳಿರುವುದು ದಾಟುವ ಗಳಿಗೆಯಲ್ಲಿ. ಜಿಮ್ನಾಸ್ಟಿಕ್ಸ್ ಪಟು ಸರಳನ್ನು ಬಿಡುವಾಗ ವೇಗ ಕೂಡಿಸಿಕೊಂಡಿರಲೇಬೇಕು, ಏಕೆಂದರೆ ಕೈಬಿಟ್ಟ ಮೇಲೆ ಒದೆಯಲು ಅವನಿಗೆ ಆಸರೆಯಿಲ್ಲ. ಕೊನೆಗೌಡನು ಇದಕ್ಕೆ ವಿರುದ್ಧವಾಗಿ, ಮರ ಪೂರ್ತಿ ಬಾಗಿ ಇನ್ನೇನು ಹಿಂದಿರುಗಬೇಕೆನ್ನುವ, ವೇಗವು ಸೊನ್ನೆಯಾದ ಕ್ಷಣವನ್ನು ಆರಿಸಿಕೊಳ್ಳುತ್ತಾನೆ. ಆಗ ಎರಡನೆಯ ಮರ ಹಿಡಿದ ಕೈಗೆ ಹೊಡೆತ ಬೀಳುವುದಿಲ್ಲ. ಆದರೆ ಹಿಂದಕ್ಕೆಳೆಯುವ ಬಲ ಅತ್ಯಧಿಕವಾಗಿರುವುದೂ ಆಗಲೇ ಆದುದರಿಂದ, ತಡಮಾಡುವಂತಿಲ್ಲ. ಹೊಸ ಮರವೂ ಈ ಸೆಳೆತಕ್ಕೆ ಇತ್ತ ಬಾಗಿರುವುದರಿಂದ, ಕಾಲು ಬದಲಿಸಿದೊಡನೆ ಅದು ಅವನನ್ನು ಹೊತ್ತು ತಾನಾಗಿ ತೂಗತೊಡಗುತ್ತದೆ.

ಮರ ಏರುವವರು ವಿರಳವಾಗುತ್ತಿರುವ ಈಗ ನೆಲದಿಂದಲೇ ಕೊನೆ ಕೊಯ್ಯುವ ಕಾರ್ಬನ್ ಫೈಬರ್ ದೋಟಿ ಬಂದಿದೆ. ಅದು ಹಗುರವೂ ಬಿಗುವೂ ಆಗಿದ್ದರೂ, ಉದ್ದ ಇಮ್ಮಡಿಯಾದರೆ ತುದಿಯ ಬಾಗು ಎಂಟು ಪಟ್ಟಾಗುವ ನಿಯಮದಿಂದ ಅದಕ್ಕೂ ವಿನಾಯಿತಿಯಿಲ್ಲ. ಎತ್ತರದ ಮರದಲ್ಲಿ ಕತ್ತಿಯನ್ನು ಕೊನೆಯ ತೊಟ್ಟಿಗೆ ತಾಗಿಸಲು ನೆಲದ ಮೇಲೆ ನಿಂತವನೂ ತೂಗಾಟದ ಲಯವನ್ನು ಕಾಯಲೇಬೇಕಾಗುತ್ತದೆ.