ಶಾಲೆಯಲ್ಲಿ ಕರಾಟೆ ಕಲಿಸ್ತೀರಿ ಸರಿ, ಹುಡುಗಿಯರನ್ನು ಮ್ಯಾಟ್ ಮೇಲೆ ಇಳಿಸೋದು ಯಾವಾಗ?

ಹೆಣ್ಣುಮಕ್ಕಳ ಸುರಕ್ಷತೆಯ ಮಾತು ಬಂದಾಗಲೆಲ್ಲ ಒಂದು ಸಲಹೆ ತಪ್ಪದೇ ಬರುತ್ತೆ: ‘ಶಾಲೆಯಲ್ಲಿ ಕರಾಟೆ ಕಲಿಸಿ’. ಸರ್ಕಾರ ಕಲಿಸ್ತಾನೂ ಇದೆ. ಸಮಗ್ರ ಶಿಕ್ಷಾ ಅಡಿಯಲ್ಲಿ ‘ರಾಣಿ ಲಕ್ಷ್ಮೀಬಾಯಿ ಆತ್ಮರಕ್ಷಾ ಪ್ರಶಿಕ್ಷಣ’ ಎಂಬ ಯೋಜನೆ ಇದೆ. 6ರಿಂದ 12ನೇ ತರಗತಿಯ ಹೆಣ್ಣುಮಕ್ಕಳಿಗೆ ಮೂರು ತಿಂಗಳ ತರಬೇತಿ.

ಒಳ್ಳೆಯದೇ. ಆದರೆ ಸಂಜೆ ಹೊತ್ತು ಮಕ್ಕಳಿಗೆ ಕರಾಟೆ ಹೇಳಿಕೊಡುವ ನನಗೆ ಒಂದು ಕೊರತೆ ಎದ್ದು ಕಾಣುತ್ತೆ. ಮೈದಾನದಲ್ಲಿ ಸಾಲಾಗಿ ನಿಂತು ಗಾಳಿಗೆ ಗುದ್ದುವುದನ್ನು ಕಲಿತ ಹುಡುಗಿ, ಎದುರಿನವಳು ನಿಜವಾಗಿ ನುಗ್ಗಿ ಬಂದಾಗ ಏನು ಮಾಡ್ತಾಳೆ? ಬಹುತೇಕರು ಮೊದಲ ಸಲ ಕಣ್ಣು ಮುಚ್ಚುತ್ತಾರೆ, ಇಲ್ಲವೇ ಉಸಿರು ಬಿಗಿಹಿಡಿದು ನಿಂತುಬಿಡುತ್ತಾರೆ. ಅದು ಹೇಡಿತನವಲ್ಲ, ದೇಹದ ಸಹಜ ಪ್ರತಿಕ್ರಿಯೆ. ಅದನ್ನು ದಾಟುವ ಅಭ್ಯಾಸಕ್ಕೆ ಸುರಕ್ಷಿತ ಜಾಗ ಬೇಕು. ಸೌಹಾರ್ದ ಪಂದ್ಯಾವಳಿ ಅಂಥದ್ದೊಂದು ಜಾಗ.

ಸೌಹಾರ್ದ ಪಂದ್ಯಾವಳಿ ಅಂದರೆ ದೊಡ್ಡದೇನಲ್ಲ. ಅಕ್ಕಪಕ್ಕದ ಊರಿನ ನಾಲ್ಕೈದು ತರಗತಿಗಳು ಒಂದು ಭಾನುವಾರ ಸಮುದಾಯ ಭವನದಲ್ಲಿ ಸೇರಿ, ಮ್ಯಾಟ್ ಹಾಸಿ ಆಡುವುದು. ರಾಜ್ಯ ತಂಡದ ಆಯ್ಕೆಯ ತಲೆಬಿಸಿ ಇರಲ್ಲ. ಎರಡು ವಿಭಾಗ ಇರುತ್ತೆ. ‘ಕಟಾ’ದಲ್ಲಿ ನಿಗದಿತ ಚಲನೆಗಳನ್ನು ಒಬ್ಬರೇ ಮಾಡಿ ತೋರಿಸಬೇಕು. ‘ಕುಮಿಟೆ’ಯಲ್ಲಿ ಇಬ್ಬರು ಎದುರುಬದುರು. ವಿಶ್ವ ಕರಾಟೆ ಫೆಡರೇಶನ್ ನಿಯಮದಂತೆ ಗುದ್ದಿಗೆ 1, ಹೊಟ್ಟೆ-ಬೆನ್ನಿನ ಭಾಗಕ್ಕೆ ಒದ್ದರೆ 2, ತಲೆಯ ಮಟ್ಟಕ್ಕೆ ಒದ್ದರೆ 3 ಅಂಕ.

ಹಾಗಂತ ಜೋರಾಗಿ ಹೊಡೆದವರು ಗೆಲ್ಲಲ್ಲ. ಏಟು ವೇಗವಾಗಿ ಹೋಗಬೇಕು, ಆದರೆ ಹಿಡಿತ ತಪ್ಪಬಾರದು. ಟೋಕಿಯೊ ಒಲಿಂಪಿಕ್ಸ್ ನೆನಪಿಸಿಕೊಳ್ಳಿ. 2021ರ ಆಗಸ್ಟ್ 7ರಂದು ಪುರುಷರ 75 ಕೆ.ಜಿ. ಮೇಲಿನ ಫೈನಲ್‌ನಲ್ಲಿ ಸೌದಿ ಅರೇಬಿಯಾದ ತಾರೆಗ್ ಹಮೀದಿ 4-1ರಿಂದ ಮುಂದಿದ್ದರು. ಅವರ ಒದೆತಕ್ಕೆ ಇರಾನಿನ ಸಜ್ಜಾದ್ ಗಂಜ್‌ಜಾದೆ ಪ್ರಜ್ಞೆ ತಪ್ಪಿ ಬಿದ್ದರು. ಚಿನ್ನ ಸಿಕ್ಕಿದ್ದು ಯಾರಿಗೆ? ಸ್ಟ್ರೆಚರ್ ಮೇಲೆ ಹೊರಹೋದ ಗಂಜ್‌ಜಾದೆಗೆ. ಹಿಡಿತವಿಲ್ಲದ ಒದೆತಕ್ಕಾಗಿ ಹಮೀದಿಯನ್ನು ಅನರ್ಹಗೊಳಿಸಲಾಯಿತು. ತೀರ್ಪಿನ ಬಗ್ಗೆ ಜಗಳ ಆಡಬಹುದು. ಆದರೆ ಅದರ ಹಿಂದಿನ ತತ್ವ ಸ್ಪಷ್ಟ: ಬಲ ಇದ್ದರೆ ಸಾಲದು, ಅದನ್ನು ಎಲ್ಲಿ ನಿಲ್ಲಿಸಬೇಕು ಅನ್ನೋದು ಗೊತ್ತಿರಬೇಕು. ಈ ಪಾಠ ಹುಡುಗಿಯರಿಗಿಂತ ಹೆಚ್ಚಾಗಿ ನಮ್ಮ ಹುಡುಗರಿಗೆ ಬೇಕಿದೆ.

ಎರಡನೇ ಲಾಭ, ಸೋಲು. ಪರೀಕ್ಷೆಯಲ್ಲಿ ಎರಡು ಅಂಕ ಕಡಿಮೆಯಾದರೆ ಕುಗ್ಗಿಹೋಗುವ ಮಕ್ಕಳು ಇಲ್ಲಿ ನೂರಾರು ಜನರೆದುರು ಸೋತು, ಗೆದ್ದವಳಿಗೆ ತಲೆಬಾಗಿ ವಂದಿಸಿ, ಅವಳ ಜೊತೆಗೇ ಕೂತು ಚಿತ್ರಾನ್ನ ತಿನ್ನುತ್ತಾರೆ. ಮೂರನೆಯದು, ಸಮಾನತೆ. ಮ್ಯಾಟ್ ಮೇಲೆ ಕೇಳೋದು ವಯಸ್ಸು, ತೂಕ, ಬೆಲ್ಟ್ ಅಷ್ಟೇ. ಹಾಸ್ಟೆಲ್ ಹುಡುಗಿಯೂ ದುಬಾರಿ ಶಾಲೆಯ ಹುಡುಗಿಯೂ ಒಂದೇ ಅಳತೆಯ ಚೌಕದಲ್ಲಿ ನಿಲ್ಲುತ್ತಾರೆ.

ಆದರೆ ಮ್ಯಾಟ್‌ವರೆಗೆ ಬರೋದು ಸಮಾನವಾಗಿಲ್ಲ, ಅದೇ ಸಮಸ್ಯೆ. ಪ್ರವೇಶ ಶುಲ್ಕ, ಬಸ್ ಚಾರ್ಜು, ಕೈಗವಸು, ಹಲ್ಲಿನ ರಕ್ಷಾಕವಚ, ಎಲ್ಲಕ್ಕೂ ದುಡ್ಡು ಬೇಕು. ‘ದೊಡ್ಡವಳಾದಳು, ಇನ್ನು ಯಾಕೆ’ ಅಂತ ಮನೆಯವರು ಬಿಡಿಸುವುದೂ ಇದೆ. ಇನ್ನು ಕೆಲವು ಕಡೆ ಪಂದ್ಯಾವಳಿಯೇ ವ್ಯಾಪಾರ: ಫೀಸು ಕಟ್ಟಿದವರಿಗೆಲ್ಲ ಪದಕ, ಹೆಸರಿಗೆ ‘ಅಂತಾರಾಷ್ಟ್ರೀಯ’. ಅಂಥದ್ದು ಮಕ್ಕಳಿಗೆ ಸುಳ್ಳು ಧೈರ್ಯ ಕೊಡುತ್ತೆ, ಅದು ಧೈರ್ಯ ಇಲ್ಲದಿರುವುದಕ್ಕಿಂತ ಅಪಾಯಕಾರಿ.

ಸ್ಪರ್ಧೆಯನ್ನೇ ಒಪ್ಪದವರೂ ಇದ್ದಾರೆ. ಒಕಿನಾವಾದಿಂದ ಜಪಾನಿನ ಮುಖ್ಯಭೂಮಿಗೆ ಕರಾಟೆಯನ್ನು ಒಯ್ದ ಗಿಚಿನ್ ಫುನಾಕೋಶಿಗೇ ಅದು ಇಷ್ಟವಿರಲಿಲ್ಲ. ಅವರ ಶಿಷ್ಯರು ಕಟ್ಟಿದ ಜಪಾನ್ ಕರಾಟೆ ಅಸೋಸಿಯೇಶನ್ ಮೊದಲ ಅಖಿಲ ಜಪಾನ್ ಪಂದ್ಯಾವಳಿ ನಡೆಸಿದ್ದು 1957ರಲ್ಲಿ, ಅವರು ತೀರಿಕೊಂಡ ವರ್ಷವೇ. ಗೆಲ್ಲುವ ಹುಚ್ಚು ಕಲೆಯನ್ನು ತಿನ್ನುತ್ತೆ ಅನ್ನುವ ಭಯ ಸುಳ್ಳಲ್ಲ. ಅದಕ್ಕೇ ನಾನು ಪದಕದ ಪಂದ್ಯಕ್ಕಿಂತ ಸೌಹಾರ್ದ ಪಂದ್ಯದ ಪರ.

ಇನ್ನೊಂದು ಮಾತು. ಬೀದಿಯಲ್ಲಿ ರೆಫ್ರಿ ಇರಲ್ಲ, ತೂಕದ ವಿಭಾಗವೂ ಇರಲ್ಲ. ಮ್ಯಾಟ್ ಮೇಲೆ ಗೆದ್ದವಳು ಎಲ್ಲೆಡೆ ಸುರಕ್ಷಿತಳು ಅಂತ ಹೇಳಿದರೆ ಅದು ಮೋಸ. ಬೀದಿದೀಪ, ರಾತ್ರಿ ಬಸ್ಸು, ದೂರು ಕೊಟ್ಟ ಕೂಡಲೇ ಬರೆದುಕೊಳ್ಳುವ ಪೊಲೀಸ್ ಠಾಣೆ, ಇವು ಸರ್ಕಾರದ ಹೊಣೆ. ಕರಾಟೆ ಕಲಿಸಿದ ನೆಪದಲ್ಲಿ ಆ ಹೊಣೆಯನ್ನು ಹದಿಮೂರರ ಹುಡುಗಿಯ ಹೆಗಲಿಗೆ ದಾಟಿಸೋ ಹಾಗಿಲ್ಲ.

ಹಾಗಾದರೆ ಕೇಳಬೇಕಾದದ್ದೇನು? ಮೂರು ತಿಂಗಳ ತರಬೇತಿ ಮುಗಿದ ಮೇಲೆ ತಾಲೂಕಿಗೊಂದು ಉಚಿತ ಸೌಹಾರ್ದ ಪಂದ್ಯಾವಳಿ. ಶಾಲೆಗಳು ಹಂಚಿಕೊಂಡು ಬಳಸುವ ರಕ್ಷಾ ಸಾಮಗ್ರಿ. ಮಹಿಳಾ ತೀರ್ಪುಗಾರರು. ಸ್ಥಳದಲ್ಲಿ ಪ್ರಥಮ ಚಿಕಿತ್ಸೆ. ನಿಮ್ಮೂರಿನ ಎಸ್‌ಡಿಎಂಸಿ ಸಭೆಯಲ್ಲಿ, ಗ್ರಾಮಸಭೆಯಲ್ಲಿ ಇದನ್ನು ಎತ್ತಿ. ಭವನ ಇದೆ, ಮಕ್ಕಳಿದ್ದಾರೆ, ಬೇಕಿರೋದು ಒಂದಿಷ್ಟು ಮ್ಯಾಟು, ಒಂದು ಭಾನುವಾರ.