ನಿಮಗಿದು ಗೊತ್ತೆ? ತಮಿಳು ಕರಾವಳಿಯಲ್ಲೊಂದು ಡೇನರ ಊರು

ಇಂಗ್ಲಿಷರು, ಫ್ರೆಂಚರು, ಪೋರ್ಚುಗೀಸರು, ಡಚ್ಚರು ಸರಿ; ಡೆನ್ಮಾರ್ಕಿನವರೂ ನಮ್ಮಲ್ಲಿ ಬಂದು ಕೋಟೆ ಕಟ್ಟಿದ್ದರು! ಅದಿರುವುದು ಕಾರೈಕಾಲ್ ಬಳಿ, ತಮಿಳುನಾಡಿನ ತರಂಗಂಬಾಡಿಯಲ್ಲಿ. ತಂಜಾವೂರಿನ ರಘುನಾಥ ನಾಯಕನ ಒಪ್ಪಿಗೆ ಸಿಕ್ಕ ಮೇಲೆ 1620ರಲ್ಲಿ ಎದ್ದು ನಿಂತ ಡ್ಯಾನ್ಸ್‌ಬೋರ್ಗ್ ಕೋಟೆ ಇಂದಿಗೂ ಕಡಲಿಗೆ ಮುಖ ಮಾಡಿ ನಿಂತಿದೆ. ಒಳಗೊಂದು ಪುಟ್ಟ ವಸ್ತುಸಂಗ್ರಹಾಲಯ.

ಆದರೆ ಈ ಊರಿನ ನಿಜವಾದ ಸ್ವಾರಸ್ಯ ಕೋಟೆಯಲ್ಲಲ್ಲ, ಅಚ್ಚುಮೊಳೆಯಲ್ಲಿದೆ. 1706ರಲ್ಲಿ ಬಂದಿಳಿದ ಜರ್ಮನ್ ಪಾದ್ರಿ ಬಾರ್ತೊಲೊಮೇಯಸ್ ಸೀಗೆನ್‌ಬಾಲ್ಗ್ ಮರಳಿನ ಮೇಲೆ ಬೆರಳಾಡಿಸಿ ತಮಿಳು ಅಕ್ಷರ ಕಲಿತನಂತೆ. ಮುಂದೆ ಇಲ್ಲಿಯೇ ಮುದ್ರಣಾಲಯ ಶುರುವಾಯಿತು. ಜರ್ಮನಿಯಿಂದ ಬಂದ ತಮಿಳು ಅಚ್ಚುಮೊಳೆಗಳೋ ದಪ್ಪ ದಪ್ಪ, ಕಾಗದ ಸಾಲದು. ಕೊನೆಗೆ ಇಂಗ್ಲೆಂಡಿನಿಂದ ಬಂದಿದ್ದ ಚೀಸ್ ಡಬ್ಬಿಗಳ ಸೀಸದ ಮುಚ್ಚಳ ಕರಗಿಸಿ ಸಣ್ಣ ಮೊಳೆ ಎರಕ ಹೊಯ್ದರು ಎನ್ನುತ್ತಾರೆ. ತಮಿಳಿನ ಹೊಸ ಒಡಂಬಡಿಕೆ ಅಚ್ಚಾಗಿ ಮುಗಿದದ್ದು 1715ರಲ್ಲಿ. ಆತ ಕಟ್ಟಿಸಿದ ನ್ಯೂ ಜೆರುಸಲೆಮ್ ಚರ್ಚಿನೊಳಗೇ (1718) ಆತನ ಸಮಾಧಿಯೂ ಇದೆ. ಚರ್ಚಿನ ಮುಂಗೋಡೆ ನೋಡಲು ಮರೆಯಬೇಡಿ: ಡೆನ್ಮಾರ್ಕಿನ ದೊರೆ ನಾಲ್ಕನೇ ಫ್ರೆಡರಿಕ್‌ನ ಲಾಂಛನ ಅಲ್ಲಿದೆ.

ಊರಿಗೆ ಕಾಲಿಡುವುದು 1792ರ ಬಿಳಿ ಹೆಬ್ಬಾಗಿಲಿನ ಮೂಲಕ. ಅಲ್ಲಿಂದ ಕಿಂಗ್ ಸ್ಟ್ರೀಟ್ ಹಿಡಿದು ನೇರ ನಡೆದರೆ ಕೋಟೆ, ಕಡಲು. ಅರ್ಧ ದಿನ ಸಾಕು, ಬಿಸಿಲೇರುವ ಮುಂಚೆ ಹೊರಡಿ. ಡೇನರಿಗಿಂತ ಮುನ್ನೂರು ವರ್ಷ ಹಳೆಯದಾದ, ಪಾಂಡ್ಯರ ಕಾಲದ ಮಾಸಿಲಾಮಣಿನಾಥ ದೇಗುಲವೂ ದಡದಲ್ಲೇ ಇದೆ. ಅದರ ಒಂದು ಭಾಗ ಕಡಲ ಪಾಲಾಗಿದೆ.

ಅಂದಹಾಗೆ, 1845ರಲ್ಲಿ ಡೇನರು ತರಂಗಂಬಾಡಿಯನ್ನೂ ಬಂಗಾಳದ ಸೆರಾಂಪುರವನ್ನೂ ಒಟ್ಟಿಗೆ ಬ್ರಿಟಿಷರಿಗೆ ಮಾರಿದರು. ಬೆಲೆ: ಹನ್ನೆರಡೂವರೆ ಲಕ್ಷ ರೂಪಾಯಿ!